ಕಿರುಗತ್ತಿಗಳ ಸಂಗ್ರಹವೂ ಉಪಯೋಗವೂ

ಅಂಚೆಯ ಚೀಟಿಗಳನ್ನು ಕೂಡಿಡುವವರನ್ನು ಕಂಡರೆ ಲೋಕವು ಮುಗುಳುನಗುತ್ತದೆ. ಹಳೆಯ ನಾಣ್ಯಗಳನ್ನು ಕೂಡಿಡುವವರನ್ನು ಕಂಡರೆ ತಲೆದೂಗುತ್ತದೆ. ಆದರೆ ಸಭ್ಯಗೃಹಸ್ಥನೊಬ್ಬನು ತಾನು ಸಣ್ಣ ಸಣ್ಣ ಚಾಕುಗಳನ್ನು ಕೂಡಿಡುವೆನೆಂದೂ, ಅವುಗಳಲ್ಲೊಂದು ಸದಾ ತನ್ನ ಜೇಬಿನಲ್ಲಿರುವುದೆಂದೂ ಹೇಳಿದನಾದರೆ, ಕೇಳಿದವರು ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದುಂಟು. ಹಾಗೆ ಸರಿಯುವವರ ಅಜ್ಜಂದಿರ ಸೊಂಟದ ಚಂಚಿಯಲ್ಲಿಯೋ ಅಜ್ಜಿಯರ ಎಲೆಯಡಿಕೆಯ ತಟ್ಟೆಯಲ್ಲಿಯೋ ಒಂದು ಹರಿತವಾದ ಅಲಗು ಬಹುಶಃ ಇದ್ದೇ ಇತ್ತು. ಅದನ್ನು ಯಾರೂ ಆಯುಧವೆಂದು ಎಣಿಸುತ್ತಿರಲಿಲ್ಲ. ಚಮಚದಂತೆ, ಕೀಲಿಕೈಯಂತೆ ಅದೂ ಒಂದು ದಿನಬಳಕೆಯ ವಸ್ತುವಾಗಿತ್ತು.

ಇಂಥ ಕಿರುಗತ್ತಿಗಳನ್ನು ಸಂಗ್ರಹಿಸುವ ಉತ್ಸಾಹವು ನಿರರ್ಥಕವಾದ ಗೀಳಲ್ಲವೆಂಬುದನ್ನು ತೋರಿಸುವುದು ಈ ಭಾಷಣದ ಒಂದು ಉದ್ದೇಶ. ಮುಖ್ಯವಾದ ಇನ್ನೊಂದು ಉದ್ದೇಶವುಂಟು. ಅಂಚೆಯ ಚೀಟಿಯನ್ನು ಬಳಸಿದರೆ ಅದರ ಕೆಲಸ ಮುಗಿಯಿತು. ಕತ್ತಿಯನ್ನು ಬಳಸದಿದ್ದರೆ ಅದು ತುಕ್ಕು ಹಿಡಿದು ಕೆಡುತ್ತದೆ. ಆದುದರಿಂದ ಈ ಒಂದು ಸಂಗ್ರಹದಲ್ಲಿ ಕಾಪಾಡುವುದೂ ಉಪಯೋಗಿಸುವುದೂ ಬಹುಮಟ್ಟಿಗೆ ಒಂದೇ. ಉದಾಹರಣೆಗಾಗಿ ನಾವು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೊಳಗೊಂಡ ಕಲಾದಗಿಯ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಮನುಷ್ಯನ ಮೊದಲ ಕತ್ತಿಗೆ ಒದಗಿದ ಕಲ್ಲು, ಕಬ್ಬಿಣದ ಕತ್ತಿಯನ್ನು ಮಸೆಯಬಲ್ಲ ಕಲ್ಲು, ಮಸೆದ ಕತ್ತಿಗೆ ಕೆಲಸ ಕೊಡುವ ಹಣ್ಣಿನ ತೋಟ, ಈ ಮೂರೂ ಅಲ್ಲಿ ಒಟ್ಟಿಗೆ ಇವೆ.

ಮೊದಲು ಮಾತಿನ ವಿಚಾರ. ಕತ್ತಿ, ಕತ್ತರಿ, ಅಲಗು ಎಂಬುವು ನಮ್ಮಲ್ಲಿ ಹಳೆಯ ಮಾತುಗಳು. ಚಾಕು ಎಂಬುದು ಪಾರಸಿಯ ಮಾರ್ಗವಾಗಿ ಬಂದು ಕನ್ನಡದಲ್ಲಿ ನೆಲೆನಿಂತ ಮಾತು. ಸಾಮಾನ್ಯವಾಗಿ ಹಿಡಿಯೊಳಕ್ಕೆ ಮಡಿಸುವ ಅಲಗನ್ನು ಜನರು ಹೀಗೆ ಕರೆಯುತ್ತಾರೆ. ನಾವು ಇಲ್ಲಿ ಕಿರುಗತ್ತಿಯೆಂದಾಗ ಅಂಗೈಯಲ್ಲಿ ಅಡಗುವ, ಕೆಲಸಕ್ಕಾಗಿಯೇ ಮಾಡಿದ ಅಲಗುಗಳನ್ನು ಮಾತ್ರ ಹೇಳುತ್ತಿದ್ದೇವೆ. ಗುಂಡಿಯನ್ನೊತ್ತಿದರೆ ಅಲಗು ಚಿಮ್ಮುವ ಬೆದರುಬೊಂಬೆಗಳು ನಮ್ಮ ಪ್ರಸಂಗಕ್ಕೆ ಸೇರಿದುವಲ್ಲ. ಶಾಸನವೂ ಈ ಭೇದವನ್ನು ಬಲ್ಲದು. ೧೯೫೯ರ ಆಯುಧ ಶಾಸನದ ನಿಯಮಗಳು ೯ ಅಂಗುಲಕ್ಕಿಂತ ಉದ್ದವಾದ ಅಥವಾ ೨ ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಗೃಹಕೃತ್ಯ, ವ್ಯವಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳನ್ನು ಬಿಟ್ಟಿವೆ. ಹೀಗಿದ್ದರೂ ವಿಮಾನದಲ್ಲಿ, ನ್ಯಾಯಸ್ಥಾನದಲ್ಲಿ, ಜನಸಂದಣಿಯ ಸಭೆಗಳಲ್ಲಿ ಚಾಕುವಿಗೆ ಸ್ಥಾನವಿಲ್ಲವೆಂಬುದನ್ನು ವಿವೇಕಿಗಳಿಗೆ ಹೇಳಬೇಕಾಗಿಲ್ಲ.

ಕಲಾದಗಿಯ ಸೀಮೆಯ ಅಲಗುಗಳನ್ನು ಶಾಸ್ತ್ರೀಯವಾಗಿ ಆಯ್ದು ಕೂಡಿಟ್ಟ ಮೊದಲಿಗರಲ್ಲಿ ಒಬ್ಬನು ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟ್. ಆತನು ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಆಯುಧವೊಂದನ್ನು ಗುರುತಿಸಿ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಡಿಗಲ್ಲನ್ನಿಟ್ಟನು. ಆಮೇಲೆ ದಕ್ಷಿಣ ಮರಾಠಾ ಸೀಮೆಯ ಶಿಲೆಗಳನ್ನು ಪರೀಕ್ಷಿಸುತ್ತ ಘಟಪ್ರಭಾ, ಮಲಪ್ರಭಾ ಕಣಿವೆಗಳಲ್ಲಿ ಸಂಚರಿಸಿದನು. ಇಲ್ಲಿಯ ಬೆಣಚು ಮರಳುಗಲ್ಲುಗಳ ಪದರಗಳಿಗೆ ಕಲಾದಗಿಯ ಹೆಸರನ್ನೇ ಇಟ್ಟು ೧೮೭೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದನು. ಹೀಗೆ ಆ ಸಣ್ಣ ಊರಿನ ಹೆಸರು ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿ ಶಾಶ್ವತವಾಗಿ ನಿಂತಿತು. ದಕ್ಷಿಣ ದೇಶದಲ್ಲೆಲ್ಲ ಆತನು ಕೂಡಿಟ್ಟ ಕಲ್ಲಿನ ಉಪಕರಣಗಳನ್ನು ೧೯೦೪ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವು ಪಡೆದುಕೊಂಡಿತು. ಮುಂದೆ ಆರ್. ವಿ. ಜೋಶಿಯವರು ಮಲಪ್ರಭೆಯ ಬಯಲನ್ನು ಕುರಿತು ೧೯೫೫ರಲ್ಲಿ ಗ್ರಂಥವನ್ನೇ ಬರೆದರು. ಬಾಗಲಕೋಟೆಯ ಸಮೀಪದ ಅನಗವಾಡಿಯಲ್ಲಿ ಆರ್. ಎಸ್. ಪಪ್ಪು ಅವರು ಭೂಶೋಧನೆ ನಡೆಸಿದರು.

ಆ ಪ್ರಾಚೀನರು ಬೆಣಚುಕಲ್ಲನ್ನೇ ಏಕೆ ಆರಿಸಿಕೊಂಡರು? ಆ ಕಲ್ಲು ಗಟ್ಟಿ. ಅದರ ಕಣಗಳು ಒಂದರೊಡನೊಂದು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಆದಕಾರಣ ಸರಿಯಾದ ಕೋನದಲ್ಲಿ ಏಟು ಬಿದ್ದರೆ ಅದು ಪುಡಿಯಾಗದೆ, ಚಿಪ್ಪಿನ ಮೈಯಂತೆ ಬಾಗಿದ ಚಕ್ಕೆಯಾಗಿ ಎದ್ದುಬರುತ್ತದೆ. ಆ ಚಕ್ಕೆಯ ಅಂಚೇ ಅಲಗು. ಬಹುಕಾಲದ ಮೇಲೆ ಜನರು ಇನ್ನೂ ನುಣುಪಾದ ಕಲ್ಲುಗಳಿಂದ ಬೆರಳಿನ ಗೆಣ್ಣಿನಷ್ಟು ಚಿಕ್ಕ ಅಲಗುಗಳನ್ನು ಎಬ್ಬಿಸಿ, ಮರದ ಅಥವಾ ಎಲುಬಿನ ಹಿಡಿಯಲ್ಲಿ ಅಂಟಿನಿಂದ ಕೂರಿಸುವುದನ್ನು ಕಲಿತರು. ದೊಡ್ಡ ಕೈಗೊಡಲಿಯಿಂದ ಚಿಕ್ಕ ಅಲಗಿಗೆ ಬಂದ ಈ ಬದಲಾವಣೆಯು ಸಾಮಾನ್ಯವಾದುದಲ್ಲ. ಅಲಗು ಚಿಕ್ಕದಾದಂತೆಲ್ಲ ಅದನ್ನು ಜೊತೆಯಲ್ಲಿ ಕೊಂಡೊಯ್ಯುವುದು ಸುಲಭವಾಯಿತು. ಬಲಕ್ಕಿಂತ ನಯಕ್ಕೆ ಬೆಲೆ ಬಂತು. ಇಂದಿನ ಜೇಬಿನ ಚಾಕುವಿನ ಮೂಲಪುರುಷನನ್ನು ಹುಡುಕುವವರು ಇಲ್ಲಿಂದ ಮೊದಲುಮಾಡಬೇಕು.

ಕಬ್ಬಿಣವು ಬಂದ ಮೇಲೆ ಅಲಗನ್ನು ಮಡಿಸುವ ಉಪಾಯ ತೋರಿತು. ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ಎಲುಬಿನ ಹಿಡಿಯುಳ್ಳ ಮಡಿಸುವ ಚಾಕುವೊಂದು ದೊರೆತಿದೆ; ಅದು ಕ್ರಿಸ್ತಪೂರ್ವ ೫೦೦ರ ಸುಮಾರಿನದೆಂದು ವಿದ್ವಾಂಸರು ಎಣಿಸುತ್ತಾರೆ. ಕಬ್ಬಿಣವನ್ನು ಉಕ್ಕನ್ನಾಗಿ ಮಾಡುವ ವಿದ್ಯೆಯಲ್ಲಿ ನಮ್ಮ ದಕ್ಷಿಣ ದೇಶದವರಿಗೆ ವಿಶೇಷವಾದ ಕೀರ್ತಿಯುಂಟು. ಮಣ್ಣಿನ ಮೂಸೆಗಳಲ್ಲಿ ಕರಗಿಸಿ ತೆಗೆದ ನಮ್ಮ ಉಕ್ಕನ್ನು ಯೂರೋಪಿನವರು 'ವೂಟ್ಸ್' ಎಂದು ಕರೆದರು; ಈ ಹೆಸರು ಕನ್ನಡ ತೆಲುಗುಗಳ 'ಉಕ್ಕು' ಶಬ್ದದಿಂದಲೇ ಆದುದೆಂಬ ಅಭಿಪ್ರಾಯವು ಪ್ರಸಿದ್ಧವಾಗಿದೆ. ಮುಂಬಯಿಯಿಂದ ಡಾಕ್ಟರ್ ಸ್ಕಾಟ್ ಎಂಬವನು ಕಳುಹಿಸಿದ ಈ ಉಕ್ಕನ್ನು ಲಂಡನ್ನಿನ ರಾಯಲ್ ಸೊಸೈಟಿಯವರು ಪರೀಕ್ಷಿಸಲು ಬಯಸಿದಾಗ ಅದರಿಂದ ಮಾಡಿಸಿ ನೋಡಿದುದೇನು? ಕತ್ತಿಯಲ್ಲ, ಭರ್ಜಿಯಲ್ಲ, ಲೇಖನಿಯನ್ನು ಹೆರೆಯುವ ಒಂದು ಸಣ್ಣ ಚಾಕು! ಜೇಮ್ಸ್ ಸ್ಟೊಡಾರ್ಟ್ ಎಂಬ ಕತ್ತಿಗಾರನು ಅದನ್ನು ಬಡಿದು ಮಾಡಿ, ಫಾರೆನ್‌ಹೀಟ್ ಮಾನದ ೪೫೦ ಡಿಗ್ರಿಯಲ್ಲಿ ಹದಕ್ಕೆ ತಂದನು. ಅದು ಅತ್ಯುತ್ತಮವಾದ ಉಕ್ಕಿನ ಚಾಕುವಿಗೆ ಸಮನಾಗಿ ಕತ್ತರಿಸಿತೆಂದು ಪಿಯರ್ಸನ್ನನು ೧೭೯೫ರಲ್ಲಿ ಪ್ರಕಟಿಸಿದನು. ಉಕ್ಕಿನ ಗುಣವನ್ನು ತೋರಿಸಲು ಚಿಕ್ಕ ಅಲಗಿಗಿಂತ ಕಠಿಣವಾದ ಪರೀಕ್ಷೆಯಿಲ್ಲವೆಂಬುದನ್ನು ಆ ಕತ್ತಿಗಾರನು ಬಲ್ಲವನಾಗಿದ್ದನು. ಮುಂದೆ ಅವನೊಡನೆ ಸೇರಿ ಇದೇ ಉಕ್ಕಿನ ಮೇಲೆ ಪ್ರಯೋಗ ನಡೆಸಿದವನು ಮಹಾವಿಜ್ಞಾನಿಯಾದ ಮೈಕೇಲ್ ಫ್ಯಾರಡೆ.

ಈಗ ಕಲಾದಗಿಗೆ ಹಿಂದಿರುಗೋಣ. ಅಲ್ಲಿಯ ಬಾಳಿನಲ್ಲಿ ಕಿರುಗತ್ತಿಗಳು ಒಂದೊಂದು ವೃತ್ತಿಗೆ ಒಂದೊಂದು ರೂಪವನ್ನು ತಾಳಿದುವು. ಓಲೆಗರಿಯ ಕಾಲದಲ್ಲಿ ಬರೆಯುವವನಿಗೆ ಕಂಟವು ಬೇಕಾಗಿತ್ತು. ದಕ್ಷಿಣ ದೇಶದ ಕೆಲವು ಕಂಟಗಳಲ್ಲಿ ಒಂದು ತುದಿ ಬರೆಯುವ ಮೊನೆ, ಇನ್ನೊಂದು ತುದಿ ಓಲೆಯ ಅಂಚನ್ನು ಒಪ್ಪಮಾಡುವ ಅಲಗು. ಕಾಗದ ಬಂದ ಮೇಲೆ ಜೊಂಡಿನ ಲೆಕ್ಕಣಿಕೆಯನ್ನು ಹೆರೆಯಲು ಚಾಕು ಬೇಕಾಯಿತು. ೧೮೬೪ರಿಂದ ೧೮೮೫ರಲ್ಲಿ ಬಿಜಾಪುರಕ್ಕೆ ಕಚೇರಿಗಳು ಹೋಗುವವರೆಗೆ ಕಲಾದಗಿಯೇ ಜಿಲ್ಲೆಯ ಮುಖ್ಯಸ್ಥಾನವಾಗಿತ್ತಷ್ಟೆ. ಆ ಕಾಲದ ಗುಮಾಸ್ತನಿಗೆ ಮಸಿಕುಡಿಕೆಯಷ್ಟೇ ಅವಶ್ಯಕವಾದುದು ಲೇಖನಿಯ ತುದಿಯನ್ನು ಸೀಳುವ ಹರಿತವಾದ ಚಾಕು; ಅದು ಮೊಂಡಾದರೆ ಅಕ್ಷರವೂ ಮೊಂಡಾಗುತ್ತಿತ್ತು. ಉಕ್ಕಿನ ಮುಳ್ಳು ಬಂದಿತು, ಲೆಕ್ಕಣಿಕೆ ಹೋಯಿತು. ಚಾಕು ಪೆನ್ಸಿಲಿಗೂ ಹಣ್ಣಿಗೂ ಉಳಿಯಿತು.

ಆ ಹಣ್ಣಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಲಾದಗಿಯು ಚಿಕ್ಕು, ದಾಳಿಂಬೆಗಳಿಗೆ ಹೆಸರಾದ ಊರು. ೨೦೦೮ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾನಿಲಯವು ಬಾಗಲಕೋಟೆಯಲ್ಲಿ ಸ್ಥಾಪಿತವಾದುದು ಈ ಸೀಮೆಗೆ ಒಪ್ಪುವಂಥದೇ. ಒಳ್ಳೆಯ ಚಿಕ್ಕುವಿನ ಗಿಡವನ್ನು ಬೀಜದಿಂದ ಪಡೆಯಲು ಹೋದರೆ ಹಣ್ಣು ಬರುವುದು ತಡ. ಬಂದ ಹಣ್ಣು ತಾಯಿಯಂತೆ ಇರುವುದೆಂಬ ನಂಬಿಕೆಯೂ ಇಲ್ಲ. ಅದಕ್ಕಾಗಿ ಖಿರಣಿಯ ಸಸಿಯ ಮೇಲೆ ಚಿಕ್ಕುವಿನ ಕೊಂಬೆಯನ್ನು ಕಸಿಮಾಡುತ್ತಾರೆ. ಈ ಕೆಲಸದ ಜೀವಾಳವೆಲ್ಲ ಕಸಿಯ ಚಾಕುವಿನಲ್ಲಿದೆ. ತೊಗಟೆಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ತೆಳುವಾದ, ಬೆಳೆಯುವ ಪದರವೊಂದುಂಟು. ಎರಡು ಗಿಡಗಳ ಆ ಪದರಗಳು ಒಂದನ್ನೊಂದು ಮುಟ್ಟಿದರೆ ಮಾತ್ರ ಕಸಿ ಹತ್ತುವುದು. ಒಂದೇ ಎಳೆತದಲ್ಲಿ ನುಣುಪಾಗಿ ಕೊಯ್ದ ಗಾಯಗಳು ಸಂದಿಲ್ಲದಂತೆ ಕೂಡುತ್ತವೆ. ಮೊಂಡು ಅಲಗಿನಿಂದ ಜಗ್ಗಿ ಹರಿದ ಗಾಯವು ಒಣಗುತ್ತದೆ ಅಥವಾ ಕೊಳೆಯುತ್ತದೆ. ಎರಡು ಅಂಗುಲದ ಅಲಗಿನ ಹರಿತದ ಮೇಲೆ ಮುಂದೆ ಎಷ್ಟೋ ವರ್ಷ ಫಲಕೊಡುವ ಮರದ ಅದೃಷ್ಟವು ನಿಂತಿದೆ.

ದಾಳಿಂಬೆಯ ತೋಟವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಎಲೆ ಕಾಯಿಗಳ ಮೇಲೆ ಕಪ್ಪು ಮಚ್ಚೆಗಳನ್ನು ತಂದು ಕಾಯಿಯನ್ನು ಸೀಳಿಸುವ ದುಂಡಾಣು ಅಂಗಮಾರಿ ರೋಗವು ಉತ್ತರ ಕರ್ನಾಟಕದ ತೋಟಗಳನ್ನು ಬಹಳ ನಷ್ಟಕ್ಕೆ ಈಡುಮಾಡಿದೆ. ಈ ರೋಗವು ಮಳೆಯ ಹನಿಗಳಿಂದ ಹರಡುವಂತೆಯೇ ರೋಗದ ಗಿಡವನ್ನು ಸವರಿದ ಕತ್ತರಿ ಚಾಕುಗಳಿಂದಲೂ ಹರಡುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿ ಒರಸಬೇಕೆಂದು ತಜ್ಞರು ಹೇಳುವುದು ಇದರಿಂದಲೇ. ಸಣ್ಣ ಚಾಕುವನ್ನು ಶುಚಿಯಾಗಿಡುವುದು ಬರಿಯ ಅಂದಕ್ಕಾಗಿ ಎಂದು ತಿಳಿಯುವವರು ಈ ತೋಟಗಳನ್ನು ನೋಡಬೇಕು.

ಇನ್ನು ಚಂಚಿಯ ಅಡಕತ್ತರಿ. ಸಂಗ್ರಹಿಸುವವರ ಕಣ್ಣಿಗೆ ಇದರಷ್ಟು ಚೆಲುವಾದ ಕಿರುಗತ್ತಿ ಮತ್ತೊಂದಿಲ್ಲ. ಎರಡು ತೋಳುಗಳನ್ನು ಒಂದು ತುದಿಯಲ್ಲಿ ಕೀಲಿನಿಂದ ಕೂಡಿಸಿದೆ. ಮೇಲಿನ ತೋಳಿನಲ್ಲಿ ಅಲಗು, ಕೆಳಗಿನದರಲ್ಲಿ ಅಡಕೆಗೆ ಆಸರೆ. ಕೀಲು ತುದಿಯಲ್ಲಿ, ಅಡಕೆ ನಡುವೆ, ಕೈಯ ಬಲ ಇನ್ನೊಂದು ತುದಿಯಲ್ಲಿ ಇರುವುದರಿಂದ ಇದು ಪದಾರ್ಥವಿಜ್ಞಾನದಲ್ಲಿ ಹೇಳುವ ಎರಡನೆಯ ವರ್ಗದ ಸನ್ನೆ. ಅಡಕೆಯು ಕೀಲಿನಿಂದ ಒಂದು ಅಂಗುಲ, ಕೈ ಐದು ಅಂಗುಲ ದೂರದಲ್ಲಿದ್ದರೆ, ಒತ್ತಿದ ಬಲವು ಅಡಕೆಯ ಮೇಲೆ ಐದು ಮಡಿಯಾಗಿ ಬೀಳುತ್ತದೆ. ಮುದುಕಿಯ ಸೋತ ಕೈಗೂ ಕಲ್ಲಿನಂಥ ಅಡಕೆ ಮಣಿಯುವುದು ಹೀಗೆ. ಇಂಥ ಯಂತ್ರಕ್ಕೆ ಕುದುರೆ, ನವಿಲು, ಗಿಳಿಗಳ ಆಕಾರವನ್ನು ಕೊಟ್ಟು ಹಿತ್ತಾಳೆಯಲ್ಲಿ ಎರಕ ಹೊಯ್ದವರ ರಸಿಕತೆಯನ್ನು ಎಷ್ಟು ಹೊಗಳಿದರೂ ಸಾಲದು. ಪುಣೆಯಲ್ಲಿ ದಿನಕರ ಗಂಗಾಧರ ಕೇಳಕರರು (೧೮೯೬–೧೯೯೦) ಜೀವಮಾನವೆಲ್ಲ ಗೃಹಬಳಕೆಯ ಸಾಮಾನುಗಳನ್ನು ಕೂಡಿಟ್ಟು, ಎಳೆವಯಸ್ಸಿನಲ್ಲಿ ತೀರಿಕೊಂಡ ತಮ್ಮ ಮಗ ರಾಜನ ಹೆಸರಿನಲ್ಲಿ ಸ್ಥಾಪಿಸಿದ ಸಂಗ್ರಹಾಲಯದಲ್ಲಿ ಬಗೆಬಗೆಯ ಅಡಕತ್ತರಿಗಳನ್ನು ಕಾಣಬಹುದು. ವಾರ್ಸಾದಲ್ಲಿ ೧೯೧೩ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗನೂ ಅಡಕತ್ತರಿಗಳನ್ನು ಕೂಡಿಟ್ಟವನು. ಅವನ ಸಂಗ್ರಹವನ್ನು ಕುರಿತು ಒಂದು ಗ್ರಂಥವೇ ಹೊರಟಿದೆ.

ಇಲ್ಲಿ ನಾವು ಒಂದು ಇಕ್ಕಟ್ಟಿಗೆ ಸಿಕ್ಕುತ್ತೇವೆ. ಬಳಸಿದರೇ ಕತ್ತಿ ಉಳಿಯುವುದೆಂದು ಮೇಲೆ ಹೇಳಿದೆವು. ಆದರೆ ಅಡಕೆಯ ಅಗಿತವು ಬಾಯಿಯ ಅರ್ಬುದರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದೆ. ತಂಬಾಕು ಬೆರೆಯದಿದ್ದರೂ ಅಡಕೆಯು ನಿರಪಾಯವಲ್ಲ. ಚೆಲುವಾದ ಅಡಕತ್ತರಿಯ ನೆಪದಿಂದ ಕೆಡುಕಾದ ಅಭ್ಯಾಸವನ್ನು ಉಳಿಸಿಕೊಳ್ಳಿರೆಂದು ನಾವು ಹೇಳಲಾರೆವು. ಆದುದರಿಂದ ಸಂಗ್ರಹದೊಳಗೇ ಎರಡು ಪಂಕ್ತಿಗಳಿರಲಿ. ಕಾಲವು ಯಾವುದರ ಕೆಲಸವನ್ನು ತೀರಿಸಿತೋ ಅದಕ್ಕೆ ಎಣ್ಣೆಯ ಪಸೆ ಹಚ್ಚಿ, ದೊರೆತ ಊರು, ಬಳಸಿದ ಮನೆತನದ ವೃತ್ತಿ, ಪಡೆದ ವರ್ಷ ಇವುಗಳನ್ನು ಬರೆದು ಗೌರವದಿಂದ ಪೆಟ್ಟಿಗೆಯಲ್ಲಿಡಬೇಕು. ವಿವರವಿಲ್ಲದ ಅಡಕತ್ತರಿಯು ಬರಿಯ ಹಿತ್ತಾಳೆ. ವಿವರವುಳ್ಳುದು ಒಂದು ಸೀಮೆಯ ಚರಿತ್ರೆ. ಯಾವುದರ ಕೆಲಸವು ಇನ್ನೂ ತೀರಿಲ್ಲವೋ ಅದು, ಎಂದರೆ ಜೇಬಿನ ಚಾಕು, ಕಸಿಯ ಚಾಕು, ತರಕಾರಿಯ ಕಿರುಗತ್ತಿ, ಕೈಯಲ್ಲಿರಬೇಕು.

ಕೈಯಲ್ಲಿರುವುದನ್ನು ಹೇಗೆ ನೋಡಿಕೊಳ್ಳಬೇಕು? ಒಳ್ಳೆಯ ಅಲಗಿನ ಗುಟ್ಟು ಹದದಲ್ಲಿದೆ. ಉಕ್ಕನ್ನು ಕೆಂಪಗೆ ಕಾಯಿಸಿ ತಟಕ್ಕನೆ ತಣಿಸಿದರೆ ಅದು ಬಹಳ ಗಡುಸಾಗುತ್ತದೆ. ಆದರೆ ಗಾಜಿನಂತೆ ಸಿಡಿಯುವ ಗುಣ ಬರುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಮೈಮೇಲೆ ಬಣ್ಣಗಳು ಓಡುತ್ತವೆ: ಸೆಂಟಿಗ್ರೇಡಿನ ೨೩೦ ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಿಳೆ, ೩೦೦ರ ಸುಮಾರಿಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದ ಅಲಗು ಹರಿತವನ್ನು ಹಿಡಿಯುತ್ತದೆ. ನೀಲಿಗೆ ಹೋದುದು ಬಾಗಬಲ್ಲದು, ಹರಿತವನ್ನು ಬೇಗ ಬಿಡುತ್ತದೆ. ಸ್ಟೊಡಾರ್ಟನು ಉಷ್ಣಮಾಪಕದಿಂದ ಅಳೆದ ೪೫೦ ಡಿಗ್ರಿ ಫಾರೆನ್‌ಹೀಟೆಂಬುದು ಈ ಹಳದಿಯೇ. ನಮ್ಮ ಹಳ್ಳಿಯ ಕಂಬಾರನು ಉಷ್ಣಮಾಪಕವಿಲ್ಲದೆ, ಕುಲುಮೆಯ ಮಬ್ಬಿನಲ್ಲಿ ಕಣ್ಣಿನಿಂದಲೇ ಇದನ್ನು ಗುರುತಿಸುತ್ತಾನೆ. ಹಳೆಯ ಅರ, ಲಾರಿಯ ಸ್ಪ್ರಿಂಗಿನ ಪಟ್ಟಿ ಇವುಗಳಲ್ಲಿ ಅಲಗಿಗೆ ತಕ್ಕ ಉಕ್ಕು ಇರುವುದೆಂಬುದೂ ಅವನಿಗೆ ತಿಳಿದಿದೆ.

ಮಸೆಯುವ ಕೆಲಸ ನಮ್ಮದು. ಬಾದಾಮಿಯ ಬೆಟ್ಟಗಳ ಮರಳುಗಲ್ಲನ್ನು ಎಲ್ಲರೂ ಬಲ್ಲರು. ಮಂಗಲೇಶನ ೫೭೮ರ ಶಾಸನವುಳ್ಳ ಮೂರನೆಯ ಗುಹೆಯನ್ನು ಕೊರೆದುದು ಈ ಕಲ್ಲಿನಲ್ಲಿಯೇ. ಪ್ರಾಣಿಗಳು ಇನ್ನೂ ನೆಲದ ಮೇಲೆ ಹೆಜ್ಜೆಯಿಡದಿದ್ದ ಕಾಲದ ಮರಳು ಗಟ್ಟಿಯಾಗಿ ಆದ ಶಿಲೆಯದು. ಮರಳಿನ ಕಣವೆಂದರೆ ಬಹುಮಟ್ಟಿಗೆ ಬೆಣಚು. ಕಾಠಿಣ್ಯವನ್ನು ಅಳೆಯುವ ಮೋಸನ ಹತ್ತು ಮೆಟ್ಟಿಲುಗಳಲ್ಲಿ ಬೆಣಚಿನದು ಏಳನೆಯದು, ಸಾಧಾರಣ ಚಾಕುವಿನ ಉಕ್ಕು ಅದಕ್ಕಿಂತ ಕೆಳಗೆ. ಆದಕಾರಣ ನುಣುಪಾದ ಮರಳುಗಲ್ಲು ಉಕ್ಕನ್ನು ತಿನ್ನುತ್ತದೆ. ಮಸೆದಂತೆ ಸವೆದ ಕಣಗಳು ಉದುರಿ ಹೊಸ ಕಣಗಳು ಮೇಲೆ ಬರುವುದರಿಂದ ಕಲ್ಲಿನ ಕಚ್ಚುವ ಶಕ್ತಿ ಮಾಸುವುದಿಲ್ಲ. ವಿಧಾನವು ಸರಳ. ಕಲ್ಲನ್ನು ನೀರಿನಿಂದ ನೆನೆಸಬೇಕು. ಅಲಗಿನ ಬೆನ್ನನ್ನು ಕಲ್ಲಿನಿಂದ ಒಂದಿಷ್ಟು ಮಾತ್ರ ಎತ್ತಿ, ಸುಮಾರು ಇಪ್ಪತ್ತು ಡಿಗ್ರಿಯ ಕೋನವನ್ನು ಕದಲಿಸದೆ, ತೆಳುವಾದ ಪದರವೊಂದನ್ನು ಕಲ್ಲಿನಿಂದ ಕೊಯ್ಯುವೆವೋ ಎಂಬಂತೆ ಎಳೆಯಬೇಕು. ಎರಡು ಮಗ್ಗುಲಿಗೂ ಸಮನಾಗಿ. ಕೊನೆಗೆ ಅಂಚಿನಲ್ಲಿ ನಿಂತ ಮುಳ್ಳನ್ನು ಚಕ್ಕಳದ ಪಟ್ಟಿಯ ಮೇಲೆ ಉಜ್ಜಿ ತೆಗೆಯಬೇಕು. ಅವಸರದಿಂದ ಯಂತ್ರದ ಚಕ್ರಕ್ಕೆ ಹಿಡಿದು ಕಿಡಿ ಹಾರಿಸುವವರು, ಕಂಬಾರನು ಕೊಟ್ಟ ಹದವನ್ನು ಒಂದು ನಿಮಿಷದಲ್ಲಿ ನೀಲಿಗೆ ಓಡಿಸಿ ಕೆಡಿಸುತ್ತಾರೆ. ಎಣ್ಣೆಯ ವಿಷಯದಲ್ಲಿಯೂ ಒಂದು ಮಾತು. ಉತ್ತರದ ಮನೆಗಳಲ್ಲಿ ಕೈಗೆ ಮೊದಲು ಸಿಕ್ಕುವ ಕುಸುಬೆಯೆಣ್ಣೆಯು ಗಾಳಿಗೆ ಆರಿ ಅಂಟಾಗುವ ಜಾತಿಯದು. ಕೀಲಿಗೆ ಹಾಕಿದರೆ ಕೆಲವು ದಿನಗಳ ಮೇಲೆ ಚಾಕು ತೆರೆಯುವುದೇ ಕಷ್ಟ. ಕೀಲಿಗೆ ಕೊಬ್ಬರಿಯೆಣ್ಣೆಯ ಒಂದು ತೊಟ್ಟು ಸಾಕು.

ಇಷ್ಟು ಹಿತಕರವಾದ ವಸ್ತುವು ನಮ್ಮ ಕೈಯಿಂದ ಜಾರಿದುದೇಕೆ? ಬಳಸಿ ಎಸೆಯುವ ತೆಳು ಬ್ಲೇಡು ಅಗ್ಗವಾಯಿತು; ಮಸೆಯುವ ಪುರುಸೊತ್ತು ಹೋಯಿತು. ಅದರೊಡನೆ ಅಂಜಿಕೆಯೂ ಸೇರಿತು. ಜಪಾನಿನ ಮಿಕಿ ಪಟ್ಟಣದಲ್ಲಿ ೧೮೯೦ರ ದಶಕದಿಂದ ತಯಾರಾದ 'ಹಿಗೊನೊಕಾಮಿ' ಎಂಬ ಮಡಿಸುವ ಚಾಕುವು ಅಲ್ಲಿಯ ಶಾಲೆಯ ಹುಡುಗರೆಲ್ಲರ ಜೇಬಿನಲ್ಲಿದ್ದಿತು. ಪೆನ್ಸಿಲು ಹೆರೆಯುವುದೇ ಅದರ ಮುಖ್ಯ ಕೆಲಸ. ೧೯೬೦ರಲ್ಲಿ ರಾಜಕೀಯ ನಾಯಕನೊಬ್ಬನನ್ನು ತರುಣನು ಇರಿದು ಕೊಂದ ಮೇಲೆ, ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಚಳವಳಿ ಎದ್ದು ಆ ಚಾಕು ಶಾಲೆಗಳಿಂದ ಮಾಯವಾಯಿತು. ಆ ಕೊಲೆಯು ನಡೆದುದು ಪೆನ್ಸಿಲಿನ ಚಾಕುವಿನಿಂದಲ್ಲ, ಕತ್ತಿಯಿಂದ. ಅಂಜಿಕೆಗೆ ಈ ವ್ಯತ್ಯಾಸವು ಕಾಣಲಿಲ್ಲ.

ನಮ್ಮ ಹಿರಿಯರು ಅಲಗಿನ ಅಪಾಯವನ್ನು ಅರಿಯದವರಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಚಾಕು ಕತ್ತರಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲದ ಮೇಲಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಹಾಗೆ ಕೊಟ್ಟರೆ ಜಗಳವಾಗುವುದೆಂದು ಹೇಳುವರು. ಜಗಳವಾಗುವುದೋ ಇಲ್ಲವೋ, ಬೆರಳಂತೂ ಉಳಿಯುತ್ತದೆ. ಮಹಾನವಮಿಯ ಖಂಡೇಪೂಜೆಯ ದಿನ ಕುಡಗೋಲು ಕತ್ತಿಗಳನ್ನು ತೊಳೆದು ಪೂಜಿಸುವ ಆಚಾರದಲ್ಲಿಯೂ ವರ್ಷಕ್ಕೊಮ್ಮೆ ಉಪಕರಣಗಳನ್ನೆಲ್ಲ ಕೈಗೆತ್ತಿಕೊಂಡು ನೋಡುವ ವಿವೇಕವಡಗಿದೆ. ಅಪಾಯವನ್ನು ಅವರು ವಸ್ತುವನ್ನು ಬಿಡುವುದರಿಂದಲ್ಲ, ಶಿಸ್ತಿನಿಂದ ಗೆದ್ದರು.

ಕಂಬಾರನ ಮಾತನ್ನು ಮರೆಯಬಾರದು. ಹಿಂದೆ ರೈತರು ಸುಗ್ಗಿಯಲ್ಲಿ ಅಳೆದುಕೊಡುತ್ತಿದ್ದ ಆಯದ ಕಾಳಿನಿಂದ ಅವನ ಕುಲುಮೆ ನಡೆಯುತ್ತಿತ್ತು. ಪ್ರತಿಯಾಗಿ ಅವನು ಊರಿನ ಕುಳ ಕುಡಗೋಲುಗಳನ್ನು ತಟ್ಟಿ ಹರಿತಮಾಡಿ ಕೊಡುತ್ತಿದ್ದನು. ಉಳುವ ಯಂತ್ರವೂ ಕಾರ್ಖಾನೆಯ ಸಾಮಾನೂ ಬಂದಲ್ಲಿ ಆ ವ್ಯವಸ್ಥೆ ಸಡಿಲವಾಯಿತು. ಕುಲುಮೆಯೊಂದು ಆರಿದರೆ ಬಣ್ಣ ನೋಡಿ ಹದ ತಿಳಿಯುವ ಕಣ್ಣೂ ಅದರೊಡನೆ ಹೋಗುತ್ತದೆ. ಆ ಕಣ್ಣನ್ನು ಯಾವ ಸಂಗ್ರಹಾಲಯವೂ ಗಾಜಿನ ಪೆಟ್ಟಿಗೆಯಲ್ಲಿಡಲಾರದು. ಪಟ್ಟಣದ ವಿದ್ಯಾವಂತರು ವಿದೇಶದ ಚಾಕುಗಳನ್ನು ಬೆಲೆಕೊಟ್ಟು ತರಿಸುವುದು ತಪ್ಪಲ್ಲ. ಆದರೆ ಹತ್ತು ಚಾಕುಗಳ ಸಂಗ್ರಹದಲ್ಲಿ ಒಂದಾದರೂ ಹತ್ತಿರದ ಹಳ್ಳಿಯ ಕಂಬಾರನಿಂದ, ಎದುರಿಗೆ ನಿಂತು, ಕೇಳಿದ ಬೆಲೆಯನ್ನು ಕೊಟ್ಟು ಮಾಡಿಸಿದುದಾಗಿರಲಿ. ಹಿಡಿಗೆ ಜಾಲಿಯ ತುಂಡು ಸಾಕು, ಅಲಗಿಗೆ ಮೂರು ಅಂಗುಲ ಸಾಕು. ಅದನ್ನು ದಿನವೂ ಹಣ್ಣು ಹೆಚ್ಚಲು, ದಾರ ಕತ್ತರಿಸಲು, ಲಕೋಟೆ ಬಿಡಿಸಲು ಉಪಯೋಗಿಸಿ, ವಾರಕ್ಕೊಮ್ಮೆ ಕಲ್ಲಿಗೆ ಹಿಡಿಯಿರಿ. ಮನೆಯ ಮಕ್ಕಳು ಪಕ್ಕದಲ್ಲಿ ಕುಳಿತು ನೋಡಲಿ. ಕೈ ಪಳಗಿದ ಮೇಲೆ ಕಲ್ಲನ್ನು ಅವರ ಮುಂದಕ್ಕೆ ಸರಿಸಬಹುದು.